ಯಾರೂ ಎರಡು ಒತ್ತಲಿಲ್ಲ

ನನ್ನ ಕೆಲಸ ಏನು ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ವಿವರಿಸುವಷ್ಟರಲ್ಲಿ ಅವರ ಚಹಾ ಆರಿ ಹೋಗುತ್ತದೆ. ಹುಟ್ಟಿದ್ದು ಧಾರವಾಡ, ಮನೆ ಇರುವುದು ಮಲೇಷ್ಯಾದ ಪುಚೊಂಗ್, ಕಚೇರಿ ಸೈಬರ್‌ಜಯಾ, ದುಡಿಯುವುದು ಬ್ರಿಟನ್ನಿನ ವೇಲ್ಸ್ ಎಂಬ ಪುಟ್ಟ ನಾಡಿನ ಒಂದು ಕೌನ್ಸಿಲ್ಲಿಗೆ. ಕೌನ್ಸಿಲ್ ಅಂದರೆ ನಮ್ಮ ಜಿಲ್ಲಾ ಪಂಚಾಯಿತಿ, ನಗರಸಭೆ ಎರಡನ್ನೂ ಕಲಸಿದಂಥದ್ದು. ಶಾಲೆ, ರಸ್ತೆ, ಕಸ, ಮುದುಕರ ಆರೈಕೆ ಎಲ್ಲ ಅದರದೇ. ಅದರ ಹಣಕಾಸು ಮತ್ತು ಕಂಪ್ಯೂಟರ್ ವಿಭಾಗದ ಅರ್ಧ ಕೆಲಸವನ್ನು ನಮ್ಮ ಕಂಪನಿ ಗುತ್ತಿಗೆ ಹಿಡಿದಿತ್ತು. ಅಲ್ಲಿನ ನೌಕರರು ಸಂಬಳದ ಚೀಟಿ ತೆರೆಯಲಿಲ್ಲ ಎಂದೋ, ರಜೆ ಅರ್ಜಿ ಹೋಗಲಿಲ್ಲ ಎಂದೋ, ಪಾಸ್‌ವರ್ಡ್ ಮರೆತೆ ಎಂದೋ ಫೋನ್ ಮಾಡಿದರೆ ಅದು ಏಳು ಸಮುದ್ರ ದಾಟಿ ನಮ್ಮ ಮೇಜಿನ ಮೇಲೆ ರಿಂಗಾಗುತ್ತದೆ. ಅವರಿಗೆ ಬೆಳಗಾದಾಗ ನಮಗೆ ಸಂಜೆ.

ಆ ಕೌನ್ಸಿಲ್ಲಿನಲ್ಲಿ ಎಲ್ಲವೂ ಎರಡೆರಡು. ಪ್ರತಿಯೊಂದು ಪರದೆಯೂ ಮೊದಲು ವೆಲ್ಶ್ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಇರಬೇಕು. ಹೊಸದೇನಾದರೂ ಹಾಕಿದರೆ ಎರಡು ಸಲ ಪರೀಕ್ಷೆ ಮಾಡಬೇಕು. ನನಗೆ ಶುರುವಿನಲ್ಲಿ ಮೈ ಉರಿಯುತ್ತಿತ್ತು. ಅವರೆಲ್ಲರಿಗೂ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು, ಮತ್ತೆ ನಮಗ್ಯಾಕೆ ಈ ಗೋಳು ಎಂದು ಗಂಡನ ಮುಂದೆ ಗೊಣಗುತ್ತಿದ್ದೆ. ಅವರು ಉಡುಪಿಯ ಕಡೆಯವರು, ಇಲ್ಲಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. "ಅವ್ರ ಭಾಷೆ ಅವ್ರು ಕೇಳ್ತಾರೆ ಮಾರಾಯ್ತಿ, ನಿಂಗೆ ಸಂಬಳ ಬರ್ತದಲ್ಲ" ಎಂದು ಅವರು ಪೇಪರ್ ತಿದ್ದಲು ಕೂರುತ್ತಿದ್ದರು.

ಈ ಎರಡೆರಡರ ಹಿಂದೆ ಇದ್ದವರು ಕೌನ್ಸಿಲ್ಲಿನ ಒಬ್ಬ ಅಧಿಕಾರಿ. ಅರವತ್ತರ ಹತ್ತಿರದ ಹೆಂಗಸು, ತೋಳು ಜಗ್ಗಿದ ಉಣ್ಣೆ ಸ್ವೆಟರ್, ಹಿಂದೆ ಯಾವಾಗಲೂ ಮಳೆ ಹೊಡೆದ ಒಂದು ಕಿಟಕಿ. ಮನೆಯಲ್ಲಿ ನಾನು ಅವರನ್ನು ವೇಲ್ಸ್ ಮೇಡಂ ಎನ್ನುತ್ತಿದ್ದೆ. ಹಣಕಾಸು ಮತ್ತು ಕಂಪ್ಯೂಟರ್ ವಿಭಾಗದ ಒಳಗೆ ವೆಲ್ಶ್ ನಡೆಯುವಂತೆ ನೋಡಿಕೊಳ್ಳುವುದೇ ಅವರ ಹುದ್ದೆ. ಶಾಲೆಯಲ್ಲಿ, ಚರ್ಚಿನಲ್ಲಿ, ಹಾಡಿನಲ್ಲಿ ಭಾಷೆ ಉಳಿಸುವವರು ಬಹಳ ಮಂದಿ, ಲೆಕ್ಕ ಮತ್ತು ಕಂಪ್ಯೂಟರ್ ಬಂದ ಕೂಡಲೇ ಎಲ್ಲರೂ ಇಂಗ್ಲಿಷಿಗೆ ಹಾರುತ್ತಾರೆ, ಅಲ್ಲಿ ನಿಲ್ಲುವವರು ಯಾರೂ ಇಲ್ಲ ಎಂದು ಒಮ್ಮೆ ನನಗೆ ಹೇಳಿದ್ದರು. ನಮ್ಮ ವಾರದ ವೀಡಿಯೋ ಸಭೆ ಶುರುವಾಗುವುದು ಅವರ "ಬೋರೆ ದಾ"ದಿಂದ. ಶುಭೋದಯ ಎಂದು ಅರ್ಥ. ನಮ್ಮ ಕಿಟಕಿಯ ಹೊರಗೆ ಸಂಜೆಯ ಗುಡುಗು ಶುರುವಾಗಿರುತ್ತಿತ್ತು, ನಾವು ಇತ್ತ ಒಬ್ಬೊಬ್ಬರಾಗಿ "ಬೋರೆ ದಾ" ಅನ್ನುವವರೆಗೆ ಅವರು ಕೆಲಸದ ಮಾತು ತೆಗೆಯುತ್ತಿರಲಿಲ್ಲ. ನಮ್ಮ ಮ್ಯಾನೇಜರ್ ಇಲ್ಲಿಯವನೇ, ಪಿನಾಂಗ್‌ನವನು, ಕೆಟ್ಟವನಲ್ಲ, ಆದರೆ ಮೈಕ್ ಆಫ್ ಮಾಡಿ ನಗುತ್ತಿದ್ದ.

ಆ ಮೇಡಂ ತಮ್ಮ ನೌಕರಿಯ ಬಹುಪಾಲನ್ನು ಒಂದು ವಿಷಯಕ್ಕೆ ಸವೆಸಿದ್ದರು. ನೌಕರರಿಗೆ ವೆಲ್ಶ್‌ನಲ್ಲೇ ಉತ್ತರ ಕೊಡುವ ಒಂದು ಸಹಾಯವಾಣಿ. ಅವರ ಕಚೇರಿಯ ಮೂಲೆಯಲ್ಲಿ ಒಂದು ಮೇಜು, ಅಲ್ಲಿ ಇಬ್ಬರು ಹೆಂಗಸರು. ಇಂಗ್ಲಿಷ್ ಕರೆಗಳು ನಮಗೆ, ವೆಲ್ಶ್ ಕರೆಗಳು ಆ ಮೇಜಿಗೆ. ಜನರಿಗೆ ಹೋಗುವ ಕಾಗದಪತ್ರಗಳ ವಿಷಯದಲ್ಲಿ ಅಲ್ಲಿ ಕಾನೂನು ಗಟ್ಟಿ ಇದೆಯಂತೆ, ಯಾರೂ ಮುಟ್ಟುವಂತಿಲ್ಲ. ನೌಕರರ ಸಹಾಯವಾಣಿ ಮಾತ್ರ ಅಷ್ಟು ಗಟ್ಟಿ ನೆಲದ ಮೇಲೆ ನಿಂತಿರಲಿಲ್ಲ.

ಗುತ್ತಿಗೆ ನವೀಕರಣ ಬಂತು. ಆ ಮೇಜನ್ನು ಮುಚ್ಚಿ, ಎಲ್ಲ ಕರೆಗಳನ್ನೂ ಸೈಬರ್‌ಜಯಾಕ್ಕೆ ತಿರುಗಿಸುವ ಪ್ರಸ್ತಾಪ ಎದ್ದಿತು. ನಮ್ಮ ಕಡೆ ಜನ ಹೆಚ್ಚಾಗುತ್ತಾರೆ, ತಂಡಕ್ಕೆ ನಾನೇ ಮುಖ್ಯಸ್ಥೆ ಎಂದು ಮ್ಯಾನೇಜರ್ ಇಲ್ಲಿಯ ತಮಿಳು ಮುಸ್ಲಿಮರ ಮಮಕ್ ಅಂಗಡಿಯಲ್ಲಿ ಕೂತು ತೆಹ್ ತಾರಿಕ್ ಎಂಬ ನೊರೆ ಚಹಾ ಕುಡಿಯುತ್ತಾ ಹೇಳಿದ. ಇಲ್ಲ ಅನ್ನುವುದಿಲ್ಲ, ನನಗೆ ಖುಷಿಯಾಯಿತು. ಆ ಮೇಜಿನ ಅಗತ್ಯ ಎಷ್ಟಿದೆ ಎಂಬ ವರದಿ ಬರೆಯುವುದು ನನ್ನ ಪಾಲಿಗೆ ಬಂತು. ಅದರಲ್ಲಿ ಬರೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಫೋನ್ ಮಾಡಿದವರು ಇಂಗ್ಲಿಷಿಗೆ ಒಂದು ಒತ್ತಬೇಕು, ವೆಲ್ಶ್‌ಗೆ ಎರಡು ಒತ್ತಬೇಕು. ಎರಡು ಒತ್ತಿದವರು ಬಹುತೇಕ ಯಾರೂ ಇಲ್ಲ. ಗ್ರಾಫಿನ ಗೆರೆ ನೆಲಕ್ಕೆ ಅಂಟಿಕೊಂಡಿತ್ತು.

ಅದೇ ದಿನಗಳಲ್ಲಿ ನನ್ನ ಅವ್ವ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದಳು. ಒಂದು ಭಾನುವಾರ ಗಂಡನ ಇಬ್ಬರು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದಿದ್ದೆವು. ಇಬ್ಬರೂ ಕರ್ನಾಟಕದವರು, ಹಾಸ್ಟೆಲ್ ಊಟಕ್ಕೆ ನಾಲಿಗೆ ಸತ್ತವರು. ಬ್ರಿಕ್‌ಫೀಲ್ಡ್ಸ್‌ನ ಭಾರತೀಯ ಅಂಗಡಿಯಿಂದ ಜೋಳದ ಹಿಟ್ಟು ತಂದು ಅವ್ವ ರೊಟ್ಟಿ ಬಡಿದಿದ್ದಳು, ಎಣಗಾಯಿ ಮಾಡಿದ್ದಳು. ನಾನು ತಾಟಿನ ಹತ್ತಿರ ನಿಂತು "ಇನ್ನೊಂದು ರೊಟ್ಟಿ ಬೇಕಾ?" ಎಂದೆ. "ಸಾಕು ಆಂಟಿ, ಹೊಟ್ಟೆ ತುಂಬ್ತು" ಎಂದರು ಇಬ್ಬರೂ. ನಾನು ಒಳಗೆ ಬಂದೆ. ಅವ್ವ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡಳು.

"ಏನವಾ, ಹಿಂಗ ಕೇಳತಾರೇನ? ಕೇಳಿದ್ರ ಯಾರ್ ಹೂಂ ಅಂತಾರ? ಮಂದಿ ಮನ್ಯಾಗ ಕುಂತು ಬೇಕು ಅನ್ನಾಕ ಬಾಯಿ ಬರತೈತೇನ?"

ಹೊರಗೆ ಹೋಗಿ ಏನೂ ಕೇಳದೆ ತಾಟಿಗೆ ರೊಟ್ಟಿ ಹಾಕಿದಳು, ಅದರ ಮೇಲೆ ಬೆಣ್ಣೆ ಇಟ್ಟಳು. ಹೊಟ್ಟೆ ತುಂಬಿದ್ದ ಹುಡುಗರು ತಲೆ ಎತ್ತದೆ ತಿಂದರು. ಮತ್ತೆ ಹಾಕಿದಳು, ಮತ್ತೆ ತಿಂದರು. ಬುಟ್ಟಿ ಖಾಲಿಯಾಯಿತು.

ಮರುದಿನ ಕಚೇರಿಯಲ್ಲಿ ವರದಿ ತೆರೆದು ಕೂತಾಗ ನನಗೆ ಆ ತಾಟುಗಳೇ ಕಣ್ಣ ಮುಂದೆ ಬಂದವು. ಸುಮ್ಮನೆ ನಮ್ಮದೇ ಸಹಾಯವಾಣಿಗೆ ಹೊರಗಿನವಳ ಹಾಗೆ ಫೋನ್ ಮಾಡಿದೆ. ಅಷ್ಟು ವರ್ಷ ಉತ್ತರಿಸಿದ್ದೆನೇ ಹೊರತು ಒಮ್ಮೆಯೂ ಕರೆ ಮಾಡಿ ನೋಡಿರಲಿಲ್ಲ. ಇಂಗ್ಲಿಷಿನಲ್ಲಿ ಒಬ್ಬಳು ಸ್ವಾಗತ ಕೋರಿದಳು. ಕೆಲಸದ ವೇಳೆ ಹೇಳಿದಳು. ಕರೆ ಧ್ವನಿಮುದ್ರಣವಾಗುತ್ತದೆ ಎಂದಳು. ವೆಬ್‌ಸೈಟಿನಲ್ಲಿ ಮೊದಲು ನೋಡಿ ಎಂದಳು. ಕೊನೆಗೆ, ಇಂಗ್ಲಿಷಿನಲ್ಲಿ ಮುಂದುವರಿಯಲು ಒಂದು ಒತ್ತಿ, ವೆಲ್ಶ್ ಬೇಕಾದರೆ ಎರಡು ಒತ್ತಿ, ಆದರೆ ಕಾಯಬೇಕಾಗಬಹುದು ಎಂದಳು. ಸಂಬಳದ ಚೀಟಿ ತೆರೆಯದೆ ಮೊದಲೇ ತಲೆ ಕೆಟ್ಟವರು, ಅಡುಗೆಮನೆಯಲ್ಲೋ ರಸ್ತೆ ಬದಿಯಲ್ಲೋ ನಿಂತು ಫೋನ್ ಮಾಡಿದವರು. ಕಾಯುತ್ತೀರಾ ಎಂದು ಕೇಳಿದರೆ ಯಾರು ಹೂಂ ಅಂತಾರೆ? ನಾನಾಗಿದ್ದರೂ ಒಂದನ್ನೇ ಒತ್ತುತ್ತಿದ್ದೆ.

ಆ ವಾರದ ಸಭೆ ಮುಗಿದ ಮೇಲೆ ಎಲ್ಲರೂ ಹೊರಟರು. ವೇಲ್ಸ್ ಮೇಡಂ ಒಬ್ಬರನ್ನೇ ಇರಲು ಹೇಳಿ ರೊಟ್ಟಿಯ ಕತೆ ಹೇಳಿದೆ. ಅವರು ನಕ್ಕರು. ಆಮೇಲೆ ನಗು ನಿಂತಿತು.

"ನಮ್ಮಮ್ಮ ಬ್ಯಾಂಕಿಗೆ ಹೋದರೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳು" ಎಂದರು. "ಕೌಂಟರಿನಲ್ಲಿ ಕೂತಿದ್ದವನು ಅವಳ ಸ್ವಂತ ಅಣ್ಣನ ಮಗ. ಇಬ್ಬರೂ ತಡವರಿಸುತ್ತಾ ಇಂಗ್ಲಿಷ್ ಆಡಿ, ಹೊರಗೆ ರಸ್ತೆಗೆ ಬಂದ ಮೇಲೆ ವೆಲ್ಶ್‌ನಲ್ಲಿ ಹರಟುತ್ತಿದ್ದರು. ದುಡ್ಡಿನ ಮಾತು, ಯಂತ್ರದ ಮಾತು ನಮ್ಮ ಭಾಷೆಯದಲ್ಲ ಎಂದು ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ನಾನು ಇಷ್ಟು ವರ್ಷ ಮಾಡಿದ್ದು ಅದೊಂದನ್ನು ಮರೆಸುವ ಕೆಲಸ. ಆ ಮೇಜು ಹೋದರೆ ಮಾಡಿದ್ದೆಲ್ಲ ಹೋದ ಹಾಗೆ."

ಅವರು ಆ ಮೇಜನ್ನು ಎಷ್ಟು ಹಚ್ಚಿಕೊಂಡಿದ್ದಾರೆಂದು ನನಗೆ ತಿಳಿದದ್ದು ಆಗಲೇ.

ನಾನು ವರದಿಯನ್ನು ತಿರುಗಿ ಬರೆದೆ. ಯಾರೂ ಎರಡು ಒತ್ತಿಲ್ಲ, ಆದರೆ ನಾವು ಯಾರಿಗೂ ಬಡಿಸಿಯೂ ಇಲ್ಲ ಎನ್ನುವುದನ್ನು ಕಚೇರಿಯ ಭಾಷೆಯಲ್ಲಿ ಬರೆದೆ. ಕೆಲವು ವಾರ ಗುಂಡಿಯನ್ನೇ ತೆಗೆದು, ಆ ಮೇಜಿನವರೇ ಫೋನ್ ಎತ್ತಿ ಮೊದಲು ವೆಲ್ಶ್‌ನಲ್ಲಿ ಮಾತಾಡಿಸಲಿ, ಆಮೇಲೆ ತೀರ್ಮಾನಿಸೋಣ ಎಂದು ಸೂಚಿಸಿದೆ. ಮ್ಯಾನೇಜರ್ ಓದಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ನಿನಗೆ ತಲೆ ಸರಿ ಇದೆಯಾ ಲಾ? ನಮ್ಮೆಲ್ಲರ ಅನ್ನಕ್ಕೆ ನೀನೇ ಕಲ್ಲು ಹಾಕ್ತಾ ಇದೀಯ."

"ಇದ್ದದ್ದನ್ನ ಬರೆದಿದೀನಿ."

"ಅವರು ಕೇಳಿದ್ದು ಎಷ್ಟು ಜನ ಒತ್ತಿದರು ಅಂತ. ಯಾಕೆ ಒತ್ತಲಿಲ್ಲ ಅಂತ ಯಾರಾದರೂ ಕೇಳಿದರಾ?"

ಕೇಳಿರಲಿಲ್ಲ, ನಿಜ. ಆದರೂ ನಾನು ಅದನ್ನು ಅಳಿಸಲಿಲ್ಲ. ಅವನೂ ಅಳಿಸಲಿಲ್ಲ, ಆ ಮಟ್ಟಿಗೆ ಒಳ್ಳೆಯ ಮನುಷ್ಯ. ವರದಿ ಹೋಯಿತು. ಮುಖ್ಯಸ್ಥೆಯ ಮಾತು ಅಲ್ಲಿಗೆ ನಿಂತಿತು, ಆ ಕುರ್ಚಿ ಮುಂದೆ ಬೇರೆಯವರಿಗೆ ಹೋಯಿತು. ಮನೆಗೆ ಬಂದು ಗಂಡನಿಗೆ ಹೇಳಿದರೆ "ಹೋದ್ರೆ ಹೋಗ್ಲಿ, ಬಿ.ಪಿ. ಏರಿಸ್ಕೊಳ್ಬೇಡ" ಎಂದರು.

ತೀರ್ಮಾನದ ಸಭೆಗೆ ಕೌನ್ಸಿಲ್ಲಿನ ಹಣಕಾಸಿನ ಹಿರಿಯ ಅಧಿಕಾರಿಯೇ ಬಂದಿದ್ದರು. ಮೃದು ಮಾತಿನ, ಟೈ ಕಟ್ಟಿದ ಗಂಡಸು. ಪರೀಕ್ಷೆಗೆ ಸಮಯ ಇಲ್ಲ, ಮೇಜು ಮುಚ್ಚುತ್ತದೆ ಎಂದರು. ಆದರೆ ಭಾಷೆಯ ಮೇಲಿನ ನಮ್ಮ ಬದ್ಧತೆ ಕಡಿಮೆಯಾಗಿಲ್ಲ, ಆದ್ದರಿಂದ ಮಲೇಷ್ಯಾದ ತಂಡ ಇನ್ನು ಮೇಲೆ ಪ್ರತಿ ಕರೆಯನ್ನೂ ವೆಲ್ಶ್ ವಂದನೆಯಿಂದ ಶುರು ಮಾಡುತ್ತದೆ, ಆಮೇಲೆ ಇಂಗ್ಲಿಷ್, ಮೊದಲು ವೆಲ್ಶ್ ಎಂದು ನೀವೇ ಕೇಳಿದ್ದಿರಲ್ಲ ಎಂದು ನನ್ನ ಕಡೆ ನೋಡಿ ಮುಗುಳ್ನಕ್ಕರು. ನಮ್ಮ ಮ್ಯಾನೇಜರ್ ಜೋರಾಗಿ ತಲೆಯಾಡಿಸಿದ. ನಾನು ಬರೆದದ್ದು ಹೀಗೆ ತಿರುಗಿ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಬೇಡ" ಎಂದರು ವೇಲ್ಸ್ ಮೇಡಂ. "ಆ ವಂದನೆ ಕೇಳಿದವರು ನಂಬುತ್ತಾರೆ. ಆಡಲಾಗದವರಿಂದ ಆಡಿಸಬೇಡಿ."

"ಏನೂ ಇಲ್ಲದಿರುವುದಕ್ಕಿಂತ ಒಳ್ಳೆಯದಲ್ಲವೇ?" ಎಂದರು ಹಿರಿಯ ಅಧಿಕಾರಿ. ಸಭೆ ಮುಗಿಯಿತು.

ನಮಗೆ ಆ ವಂದನೆ ಕಲಿಸುವ ಕೆಲಸವೂ ಅವರಿಗೇ ಬಿತ್ತು. ಅವರ ಜಾಗದಲ್ಲಿ ನಾನಿದ್ದರೆ ಎದ್ದು ಹೋಗುತ್ತಿದ್ದೆ. ಅವರು ಬಂದರು, ತಾಳ್ಮೆಯಿಂದ ಕಲಿಸಿದರು. ನನ್ನ ಪಕ್ಕದ ಸೀಟಿನ ಹುಡುಗಿ ಇಲ್ಲಿಯ ಕೆಲಾಂತಾನ್ ಕಡೆಯ ಮಲಯ್ ಜನಾಂಗದವಳು, ಅವಳ ಬಾಯಲ್ಲಿ ಅದು ಎಷ್ಟು ಚೆಂದ ಹೊರಳಿತೆಂದರೆ ಮೇಡಂ ಅದನ್ನು ಮತ್ತೊಮ್ಮೆ ಹೇಳಿಸಿದರು. "ಇಷ್ಟು ಚೆನ್ನಾಗಿ ಹೇಳುತ್ತೀರಲ್ಲ, ಅದೇ ನನಗೆ ಭಯ" ಎಂದರು. ಆಮೇಲೆ ನನ್ನತ್ತ ತಿರುಗಿ, ನಿಮ್ಮ ಊರಿನಲ್ಲಿ ಬೆಳಿಗ್ಗೆ ಏನೆನ್ನುತ್ತೀರಿ ಎಂದು ಕೇಳಿದರು. ನಮ್ಮಲ್ಲಿ ಶುಭೋದಯ ಗಿಭೋದಯ ಎಲ್ಲ ಪುಸ್ತಕದಲ್ಲಿ, ಬೀದಿಯಲ್ಲಿ "ಚಾ ಆತೇನ್ರಿ" ಅನ್ನುತ್ತೇವೆ ಎಂದೆ. ಅದಕ್ಕೆ ಏನು ಉತ್ತರ ಎಂದರು. ಆತು ಅನ್ನಬೇಕು, ಆಗಿರದಿದ್ದರೂ ಆತು ಅನ್ನಬೇಕು ಎಂದೆ. ಅವರಿಗೆ ಅದು ಚೆನ್ನಾಗಿ ಅರ್ಥವಾಯಿತು.

ಮೇಜಿನ ಜೊತೆ ಒಂದು, ಎರಡರ ಗುಂಡಿಗಳೂ ಹೋದವು. ಮೇಜು ಮುಚ್ಚಿದ ಮರುದಿನ ಮೊದಲ ಕರೆ ನನಗೇ ಬಂತು. ಕರೆ ಮಾಡಿದವರ ವಿವರ ಪರದೆಯ ಮೇಲೆ ಬರುತ್ತದೆ. ಯಾವುದೋ ಹಳ್ಳಿ ಶಾಲೆಯ ಅಡುಗೆಯವರು. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಬೋರೆ ದಾ" ಎಂದೆ.

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಮಾತು ಬಂತು. ಎಷ್ಟು ಮಾತು! ನನಗೆ ಒಂದಕ್ಷರ ತಿಳಿಯದಿದ್ದರೂ ಆ ಹೆಂಗಸು ಗೋಳು ಹೇಳಿಕೊಳ್ಳುತ್ತಿದ್ದಾರೆ, ಯಾರನ್ನೋ ಬೈಯುತ್ತಿದ್ದಾರೆ, ನಡುವೆ ತಮ್ಮ ಮಾತಿಗೆ ತಾವೇ ನಗುತ್ತಿದ್ದಾರೆ ಎಂಬುದು ತಿಳಿಯುತ್ತಿತ್ತು. ಪಾತ್ರೆ ಸದ್ದು ನಿಂತಿತ್ತು. ಕೆಲಸ ಬಿಟ್ಟು ಮಾತಿಗೆ ನಿಂತಿದ್ದರು. ನಡುವೆ ಬಾಯಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಅವರು ಏನೋ ಪ್ರಶ್ನೆ ಕೇಳಿ ಉತ್ತರಕ್ಕಾಗಿ ನಿಂತರು.

ಕ್ಷಮಿಸಿ, ನನಗೆ ಬರುವುದು ಅದೊಂದೇ ಮಾತು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಓ" ಎಂದರು. ಮತ್ತೆ "ಸಾರಿ" ಎಂದರು. ಸಾರಿ ಹೇಳಿದ್ದು ಅವರು. ಆಮೇಲೆ ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯಗಳು, ಅರ್ಜಿ ತುಂಬಿದ ಹಾಗೆ. ರಜೆಯ ಪುಟ ತೆರೆಯುತ್ತಿಲ್ಲ, ಅಷ್ಟೇ. ಚಿಟಿಕೆ ಹೊಡೆಯುವುದರಲ್ಲಿ ಸರಿ ಮಾಡಿಕೊಟ್ಟೆ. ಥ್ಯಾಂಕ್ಸ್ ಹೇಳಿ ಇಟ್ಟರು. ಆ ಉದ್ದ ಮಾತಿನಲ್ಲಿ ಇನ್ನೇನೇನು ಇತ್ತೋ, ನನಗೆ ಗೊತ್ತಾಗಲೇ ಇಲ್ಲ. ಹೆಡ್‌ಫೋನ್ ತೆಗೆದು ಕೆಳಗಿಟ್ಟೆ.

ಪಕ್ಕದ ಹುಡುಗಿಯೂ ಅದೇ ಹೊತ್ತಿಗೆ ಒಂದು ಕರೆಯ ನಡುವೆ ಸಿಕ್ಕಿಕೊಂಡಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. "ಅಕ್ಕಾ, ಇವರನ್ನ ಹೇಗೆ ನಿಲ್ಲಿಸಲಿ?" ಎಂದು ಮೈಕ್ ಮುಚ್ಚಿ ಕೇಳಿದಳು. ಆ ಸಂಜೆ ಇಡೀ ಕೋಣೆಯಲ್ಲಿ ಅದೇ ನಡೆಯಿತು. ಒಂದು ಕಡೆ ವಂದನೆ, ಆ ಕಡೆಯಿಂದ ಮಾತಿನ ಹೊಳೆ, ಆಮೇಲೆ ಕ್ಷಮಿಸಿ. ಎಲ್ಲರೂ ಅಲ್ಲ, ಇಂಗ್ಲಿಷಿನಲ್ಲೇ ಉತ್ತರಿಸಿದವರೂ ಇದ್ದರು. ಆದರೆ ಎರಡು ಒತ್ತುವವರು ಯಾರೂ ಇಲ್ಲ ಎಂದು ಗ್ರಾಫ್ ಹೇಳಿದ ಅದೇ ಜನ, ಅದೇ ಶಾಲೆ, ಅದೇ ಗ್ಯಾರೇಜುಗಳಿಂದ ಕರೆ ಮೇಲೆ ಕರೆ ವೆಲ್ಶ್‌ನಲ್ಲೇ ಬರುತ್ತಿತ್ತು.

ನನಗೆ ಸಂಕಟದ ನಡುವೆಯೂ ಒಂದು ಆಸೆ ಹುಟ್ಟಿತು. ಇದಕ್ಕಿಂತ ಸಾಕ್ಷಿ ಬೇಕೇ? ನಾವು ಕೇಳಿಕೊಂಡ ಪರೀಕ್ಷೆಯನ್ನು ಕೌನ್ಸಿಲ್ಲಿನವರೇ ತಿಳಿಯದೆ ನಡೆಸಿಕೊಟ್ಟಿದ್ದರು. ಧ್ವನಿಮುದ್ರಿತ ಕರೆಗಳನ್ನೆಲ್ಲ ಒಟ್ಟುಮಾಡಿ, ಬೇಕಾದವರು ಇಲ್ಲ ಎಂದಿದ್ದಿರಿ, ಇಗೋ ಇವರು ಎಂದು ಕೌನ್ಸಿಲ್ಲಿಗೆ ಕಳುಹಿಸಿದೆ. ಈ ಸಲ ಮ್ಯಾನೇಜರ್ ಕೂಡ ಏನೂ ಅನ್ನಲಿಲ್ಲ, ಅವನೂ ಒಂದೆರಡು ಕರೆ ಕೇಳಿದ್ದ. ವೇಲ್ಸ್ ಮೇಡಂ ಮನೆಯಿಂದಲೇ ನನಗೆ ಫೋನ್ ಮಾಡಿದರು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. "ಮೇಜನ್ನು ಮತ್ತೆ ತೆರೆಯಲೇಬೇಕು ಈಗ. ಆ ಇಬ್ಬರು ಹೆಂಗಸರಿಗೆ ಬೇರೆ ಕಡೆ ಕೆಲಸ ಕೊಟ್ಟಿದ್ದಾರೆ, ವಾಪಸ್ ಕರೆಸಬಹುದು" ಎಂದರು. ಅವ್ವನ ಮುಂದೆ ನಾನು ಜಂಬ ಕೊಚ್ಚಿಕೊಂಡೆ, ನಿನ್ನ ರೊಟ್ಟಿ ಒಂದು ನಾಡನ್ನೇ ಗೆಲ್ಲಿಸಿತು ನೋಡು ಎಂದೆ. ಅವಳು "ಯಾ ನಾಡೋ ಏನೋ, ಮಂದಿ ಹೊಟ್ಟೆ ತುಂಬಿದ್ರ ಆತು" ಎಂದಳು.

ಸಭೆ ಕರೆದರು. ಹಿರಿಯ ಅಧಿಕಾರಿ ಒಂದು ಧ್ವನಿಮುದ್ರಿತ ಕರೆಯನ್ನು ಎಲ್ಲರಿಗೂ ಕೇಳಿಸಿದರು. ರಸ್ತೆ ರಿಪೇರಿಯ ಒಬ್ಬ ಗಂಡಸಿನ ದನಿ, ಗಡಸು, ಸಂತೋಷದಿಂದ ಏನೇನೋ ಹೇಳುತ್ತಿತ್ತು. ವೇಲ್ಸ್ ಮೇಡಂ ಅದರ ಜೊತೆ ತುಟಿಯಲ್ಲೇ ಮಾತಾಡುತ್ತಿದ್ದರು, ಆ ಮನುಷ್ಯನಿಗೆ ಉತ್ತರ ಕೊಡುವವರ ಹಾಗೆ. ನಮ್ಮ ಹುಡುಗಿ ನಡುವೆ ಕ್ಷಮಿಸಿ ಎಂದದ್ದು ಬಂತು. ಆ ಮನುಷ್ಯ ಫೋನ್ ಇಟ್ಟ.

ಹಿರಿಯ ಅಧಿಕಾರಿ ನಿಟ್ಟುಸಿರು ಬಿಟ್ಟರು. ಇದು ಗಂಭೀರ ಸಮಸ್ಯೆ, ನಮ್ಮ ಗಮನಕ್ಕೆ ತಂದದ್ದಕ್ಕೆ ಮಲೇಷ್ಯಾ ತಂಡಕ್ಕೆ ಧನ್ಯವಾದ ಎಂದರು. ನನ್ನ ಎದೆ ಹಗುರಾಯಿತು. ಆ ವಂದನೆಯಿಂದ ನೌಕರರಿಗೆ ಗೊಂದಲವಾಗುತ್ತಿದೆ, ಕರೆಗಳು ಉದ್ದವಾಗುತ್ತಿವೆ, ಆದ್ದರಿಂದ ನಾಳೆಯಿಂದ ವಂದನೆಯನ್ನು ನಿಲ್ಲಿಸಿ, ನೇರವಾಗಿ ಇಂಗ್ಲಿಷಿನಲ್ಲೇ ಶುರು ಮಾಡಿ ಎಂದರು.

ನಾನು ವಾದ ಮಾಡಿದೆ. ದನಿ ಏರಿತು, ಮ್ಯಾನೇಜರ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ಅವರು ಸಮಾಧಾನದಿಂದ ಎಲ್ಲವನ್ನೂ ಕೇಳಿಸಿಕೊಂಡರು, ತಲೆಯಾಡಿಸಿದರು, ತೀರ್ಮಾನ ಬದಲಿಸಲಿಲ್ಲ. ಪರದೆಯ ಮೇಲೆ ವೇಲ್ಸ್ ಮೇಡಂ ಅವರ ಚೌಕ ಹಾಗೇ ಇತ್ತು. ನೀವೇನಾದರೂ ಹೇಳುವುದಿದೆಯೇ ಎಂದು ಹಿರಿಯ ಅಧಿಕಾರಿ ಕೇಳಿದ್ದಕ್ಕೆ ಮೇಡಂ ಇಲ್ಲ ಎಂದರು. ತಮ್ಮ ಕೌನ್ಸಿಲ್ಲಿನವರಿಗೆ ಯಾವಾಗಲೂ ಮೊದಲು ವೆಲ್ಶ್‌ನಲ್ಲಿ ಉತ್ತರಿಸುತ್ತಿದ್ದವರು ಅದನ್ನು ಇಂಗ್ಲಿಷಿನಲ್ಲೇ ಹೇಳಿದರು. ಆ ತಿಂಗಳ ಕೊನೆಗೆ ಅವರು ನಿವೃತ್ತಿ ತೆಗೆದುಕೊಂಡರು, ಆ ಹುದ್ದೆಗೆ ಮತ್ತೆ ಯಾರನ್ನೂ ತುಂಬಲಿಲ್ಲ.

ಮರುದಿನ ನಾವು ಗುಡ್ ಮಾರ್ನಿಂಗ್ ಎಂದೆವು. ಅತ್ತಲಿಂದ ಎಲ್ಲರೂ ಗುಡ್ ಮಾರ್ನಿಂಗ್ ಎಂದರು. ಯಾರೂ ಉದ್ದ ಮಾತಾಡಲಿಲ್ಲ, ಯಾರೂ ನಗಲಿಲ್ಲ, ಯಾರನ್ನೂ ನಡುವೆ ನಿಲ್ಲಿಸಬೇಕಾಗಲಿಲ್ಲ. ಪಕ್ಕದ ಹುಡುಗಿ ಎರಡು ಕರೆಗಳ ನಡುವೆ ನನ್ನ ಮುಖ ನೋಡಿದಳು, ನಾನು ಪರದೆ ನೋಡಿದೆ. ಮುಂದಿನ ತಿಂಗಳು ಮುಗಿದಾಗ ಎಂದಿನಂತೆ ವರದಿ ಬರೆಯಲು ಕೂತೆ. ವೆಲ್ಶ್‌ನಲ್ಲಿ ಮಾತಾಡಿದವರು ಎಷ್ಟು ಎಂಬ ಕಾಲಂ ಅದರಲ್ಲಿ ಇನ್ನೂ ಉಳಿದಿತ್ತು, ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಆ ತಿಂಗಳ ಕರೆಗಳನ್ನೆಲ್ಲ ಮತ್ತೊಮ್ಮೆ ಹುಡುಕಿದೆ, ಒಬ್ಬರಾದರೂ ಸಿಗಲಿ ಎಂದು. ಸಿಗಲಿಲ್ಲ. ಸೊನ್ನೆ ಹಾಕಿ ಕಳುಹಿಸಿದೆ.